ಹತ್ತು ಲಕ್ಷ ಮೈಲಿಗೆ ಒಂದಡಿ

ನಮ್ಮವರು, ಎಂದರೆ ನನ್ನ ಯಜಮಾನರು, ಮಾಸ್ತರಿಕೆ ಬಿಟ್ಟದ್ದು ಯಾಕೆಂದು ಮೊಮ್ಮಕ್ಕಳು ಕೇಳಿದಾಗಲೆಲ್ಲ, ಅವರು ಬದುಕಿರುವವರೆಗೆ, ನಾನು ಮಾತು ಬದಲಿಸುತ್ತಿದ್ದೆ. ಈಗ ಅವರಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದಿಡುತ್ತೇನೆ. ನಾನು ಕಾಣದೆ ಅವರ ಬಾಯಿಂದ ಕೇಳಿದ್ದನ್ನು ಕೇಳಿದ್ದೆಂದೇ ಹೇಳುತ್ತೇನೆ. ಊರಿನ ಹೆಸರು ಬೇಡ. ಬೈಂದೂರಿಗೂ ಕಿರಿಮಂಜೇಶ್ವರಕ್ಕೂ ನಡುವೆ ಎಂದರೆ ಸಾಕು. ಶಾಲೆ ನಡೆಸುತ್ತಿದ್ದ ಮನೆಯವರ ಮೊಮ್ಮಕ್ಕಳು ಈಗಲೂ ಅಲ್ಲಿ ಇದ್ದಾರೆ, ಅವರದೇನೂ ತಪ್ಪಿಲ್ಲ.

ಯುದ್ಧದ ವರ್ಷಗಳು. ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು, ಏರು ಬಂದರೆ ಜನ ಇಳಿದು ತಳ್ಳುತ್ತಿದ್ದರು. ನಮ್ಮವರು ಮಾಸ್ತರಿಕೆಯ ಟ್ರೈನಿಂಗ್ ಮುಗಿಸಿ ಆ ಊರಿನ ಶಾಲೆಗೆ ಸೇರಿದ್ದರು. ಶಾಲೆ ಅಲ್ಲಿನ ದೊಡ್ಡ ಜಮೀನುದಾರರೊಬ್ಬರದು. ತಮ್ಮ ಜಾಗದಲ್ಲಿ ಕಟ್ಟಿಸಿ, ಸರಕಾರದ ಗ್ರಾಂಟಿನಲ್ಲಿ ನಡೆಸುತ್ತಿದ್ದರು. ಕಾಗದಪತ್ರದಲ್ಲಿ ಅವರು ಮೆನೇಜರು, ಊರಿನವರ ಬಾಯಲ್ಲಿ ಒಡೆಯರು. ಮಾಸ್ತರನ್ನು ಇಡುವುದೂ ಬಿಡುವುದೂ ಅವರ ಕೈಯಲ್ಲಿತ್ತು. ನಮ್ಮವರ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. "ಇನ್ಸ್‌ಪೆಕ್ಷನ್ ಒಂದ್ ಮುಗೀಲಿ ಮಾಷ್ಟ್ರೇ, ಕಾಯಂ ಮಾಡ್ತೆ" ಎಂದು ಒಡೆಯರು ಹೇಳಿದ್ದರು.

ಆ ಕಾಯಂ ನನಗೆ ಏನಾಗಿತ್ತೆಂದು ಮೊದಲೇ ಹೇಳಬೇಕು. ಅದಕ್ಕೆ ಮೊದಲು ನಾವು ಬೀಜಾಡಿಯಲ್ಲಿ ಅವರ ಅಣ್ಣನ ಮನೆಯಲ್ಲಿದ್ದೆವು. ಅಲ್ಲಿ ಅಕ್ಕಿ ಅಳೆದು ಕೊಡುವ ಕೈ ಬೇರೆಯವರದು. ಗಂಜಿಗೆ ಇನ್ನೊಂದು ಸೌಟು ಹಾಕಿಕೊಂಡರೆ ಯಾರೂ ಬೈಯುತ್ತಿರಲಿಲ್ಲ, ಆದರೆ ಎಲ್ಲರೂ ನೋಡುತ್ತಿದ್ದರು. ಈ ಊರಿನಲ್ಲಿ ಶಾಲೆಯ ಹತ್ತಿರ ಅರ್ಧ ಮನೆ ಬಾಡಿಗೆಗೆ ಸಿಕ್ಕಿತ್ತು. ಒಂದು ಒಲೆ, ಒಂದು ಕಿಟಕಿ, ಒಂದು ಬಾವಿಯಲ್ಲಿ ಪಾಲು. ಒಲೆ ನನ್ನದು. ಕಾಯಂ ಆದರೆ ಇಲ್ಲೇ, ಇಲ್ಲದಿದ್ದರೆ ಮತ್ತೆ ಬೀಜಾಡಿ. ಬೆಳಿಗ್ಗೆ ಒಲೆ ಹೊತ್ತಿಸುವಾಗ ಇದೇ ಯೋಚನೆ, ಸಂಜೆ ಆರಿಸುವಾಗಲೂ ಇದೇ.

ಮಕ್ಕಳ ಪುಸ್ತಕದಲ್ಲಿ ಗ್ರಹಗಳ ಒಂದು ಚಿತ್ರವಿತ್ತು. ಸೂರ್ಯನಿಂದ ಹಿಡಿದು ಕೊನೆಯ ಗ್ರಹದವರೆಗೆ ಎಲ್ಲವೂ ಪೋಣಿಸಿದ ಮಣಿಗಳ ಹಾಗೆ ಒತ್ತೊತ್ತಾಗಿ ಕೂತಿದ್ದವು. ಅದು ನಮ್ಮವರಿಗೆ ಸರಿ ಕಾಣಲಿಲ್ಲ.

"ಈ ಚಿತ್ರ ಕಂಡ್ರೆ ಶನಿ ನಮ್ ಪಕ್ಕದ್ಮನೆಯಂಗೆ ಇತ್ತ್ ಅಂದ್ಕಂತೊ ಮಕ್ಳ್" ಎಂದರು.

ಶಾಲೆಯ ಮೆಟ್ಟಿಲಿನಿಂದ ಸಮುದ್ರದವರೆಗೆ ಒಂದು ಗಾಡಿದಾರಿ ನೇರವಾಗಿ ಪಡುವಣಕ್ಕೆ ಹೋಗುತ್ತಿತ್ತು. ಅದರ ಉದ್ದಕ್ಕೂ ಗ್ರಹಗಳನ್ನು ಸರಿಯಾದ ದೂರದಲ್ಲಿ ನಿಲ್ಲಿಸಿ, ಮಕ್ಕಳನ್ನು ನಡೆಸಿ ತೋರಿಸಬೇಕು ಎಂಬುದು ಅವರ ಹಂಚಿಕೆ. ಇನ್ಸ್‌ಪೆಕ್ಟರು ಬಂದಾಗಲೂ ತೋರಿಸಬಹುದು. ಒಡೆಯರು ಸಂತೋಷದಿಂದಲೇ ಒಪ್ಪಿದರು.

ಮೊದಲು ದಾರಿಯನ್ನೇ ಅಳೆದರು. ತೆಂಗಿನ ನಾರಿನ ಹಗ್ಗಕ್ಕೆ ಗಂಟು ಹಾಕಿ, ಮಕ್ಕಳ ಕೈಲಿ ಹಿಡಿಸಿ, ಮರಳು ಶುರುವಾಗುವವರೆಗೆ ಹೋಗಿ ಬಂದರು. ಆಮೇಲೆ ಮನೆಗೆ ಬಂದು ಸ್ಲೇಟಿನಲ್ಲಿ ಲೆಕ್ಕ. ಕೊನೆಯ ಗ್ರಹ ನೀರಿಗೆ ಬೀಳಬಾರದು, ಭೂಮಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಬಾರದು. ಎಷ್ಟೋ ಸಲ ಒರೆಸಿ ಬರೆದು ಕೊನೆಗೆ ಹತ್ತು ಲಕ್ಷ ಮೈಲಿಗೆ ಒಂದಡಿ ಎಂದು ನಿಲ್ಲಿಸಿದರು. ಅದರ ಪ್ರಕಾರ ಸೂರ್ಯ ಹತ್ತೂವರೆ ಅಂಗುಲ ಅಗಲ. ಬುಧ ಮೂವತ್ತಾರು ಅಡಿ ದೂರ, ಶುಕ್ರ ಅರವತ್ತೇಳು, ಭೂಮಿ ತೊಂಬತ್ತಮೂರು, ಮಂಗಳ ನೂರ ನಲವತ್ತೆರಡು. ಅಲ್ಲಿಂದ ಮುಂದೆ ಒಂದೇ ಸಲಕ್ಕೆ ದೂರ ಬಿಚ್ಚಿಕೊಳ್ಳುತ್ತದೆ. ಗುರು ನಾನೂರ ಎಂಬತ್ತಮೂರು, ಶನಿ ಎಂಟುನೂರ ಎಂಬತ್ತಾರು. ಯುರೇನಸ್ ಅದರ ಎರಡರಷ್ಟು. ನೆಪ್ಚೂನ್ ಅರ್ಧ ಮೈಲಿ ದಾಟಿ, ಮರಳಿನ ಅಂಚಿನ ಕೊನೆಯ ತೆಂಗಿನ ಮರದ ಬುಡಕ್ಕೆ ಬರುತ್ತಿತ್ತು. ಅದರಾಚೆ ಹೊಸದೊಂದು ಗ್ರಹ ಸಿಕ್ಕಿದೆಯೆಂದು ಅವರು ಓದಿದ್ದರು. ಅದು ಸಮುದ್ರದೊಳಗೆ ಬೀಳುತ್ತಿದ್ದುದರಿಂದ ಬಿಟ್ಟರು.

ಗ್ರಹಗಳನ್ನು ಆರಿಸಿದ್ದು ನನ್ನ ಡಬ್ಬಿಗಳಿಂದ. ಸೂರ್ಯನಿಗೆ ಒಂದು ಸಣ್ಣ ಮಡಕೆ. ಭೂಮಿಗೆ ಸಾಸಿವೆ, ಅದರಲ್ಲೂ ದಪ್ಪದ್ದು ಆರಿಸಬೇಕು. ಶುಕ್ರನಿಗೆ ಅಂಥದೇ ಇನ್ನೊಂದು. ಬುಧನಿಗೂ ಮಂಗಳನಿಗೂ ರಾಗಿ. ಗುರುವಿಗೆ ನೆಲ್ಲಿಕಾಯಿ, ಶನಿಗೆ ಅದಕ್ಕಿಂತ ಸ್ವಲ್ಪ ಸಣ್ಣ ನೆಲ್ಲಿಕಾಯಿ. ಶನಿಯ ಬಳೆಗೆ ತೆಂಗಿನ ಗರಿಯ ಕಡ್ಡಿ ಬಗ್ಗಿಸಿದೆ. ನಾಲ್ಕು ಮುರಿದ ಮೇಲೆ ಒಂದು ನಿಂತಿತು.

"ಹ್ವಾಯ್, ಇಷ್ಟ್ ಸಣ್ಣ ಕಾಳೊಳ್ಗೆ ನಾವೆಲ್ಲ ಇಪ್ಪುದಾ?" ಎಂದು ಕೇಳಿದೆ.

"ಬೀಜಾಡಿ ಮನಿಯೂ ಅದ್ರೊಳ್ಗೇ ಇತ್ತ್. ಹೆದ್ರಬೇಡ" ಎಂದರು.

ಗಾಳಿಮರದ ಗೂಟಗಳನ್ನು ಕಂಬಗಳಾಗಿ ನೆಟ್ಟು, ಪ್ರತಿಯೊಂದಕ್ಕೂ ಹೆಸರು ಬರೆದ ಹಲಗೆ ಕಟ್ಟಿ, ಹಲಗೆಯ ಮೇಲೆ ಹಲಸಿನ ಮೇಣದಿಂದ ಗ್ರಹ ಅಂಟಿಸಿದರು. ಸಮುದ್ರಕ್ಕೆ ಹೋಗುವವರು ನಿಂತು ಓದತೊಡಗಿದರು. ರಾಹು ಕೇತು ಎಲ್ಲಿ ಎಂದು ಯಾರೋ ಕೇಳಿದರು. "ಅವ್ ರಜೆ ಮೇಲಿತ್ತ್" ಎಂದು ನಮ್ಮವರು ಹೇಳಿದ್ದು ಊರೆಲ್ಲ ತಿರುಗಿ ನನ್ನ ಕಿವಿಗೂ ಬಂತು. ಯುರೇನಸ್ ನೆಪ್ಚೂನ್ ಯಾರ ಬೇಲಿಯಲ್ಲಿ ನಿಂತರೂ ಯಾರೂ ತಕರಾರು ಮಾಡಲಿಲ್ಲ. ಪಂಚಾಂಗದಲ್ಲಿ ಇಲ್ಲದ ಗ್ರಹಗಳಲ್ಲವೇ.

ಗುರುವಿನ ಕಂಬ ನಿಂತದ್ದು ಒಣಮೀನಿನ ಗುಡಿಸಲಿನ ಎದುರು. ಗಂಡನನ್ನು ಕಡಲಿಗೆ ಕಳಕೊಂಡ ಮೀನುಗಾರರ ಹೆಂಗಸೊಬ್ಬಳು ಅಲ್ಲಿ ಒಣಮೀನು ಮಾರುತ್ತಿದ್ದಳು. ಶನಿಯ ಕಂಬ ನಿಂತದ್ದು ಒಡೆಯರ ಹೆಬ್ಬಾಗಿಲಿನ ಎದುರು. ಆರಿಸಿ ನಿಲ್ಲಿಸಿದ್ದಲ್ಲ, ಹಗ್ಗ ಅಲ್ಲಿಗೆ ಮುಟ್ಟಿತು.

ಮರುದಿನವೇ ನಮ್ಮವರಿಗೆ ಕರೆ ಬಂತು. ಅಲ್ಲಿ ನಡೆದದ್ದನ್ನು ಅವರು ನನಗೆ ಹೇಳಿದ ಹಾಗೆಯೇ ಬರೆಯುತ್ತೇನೆ. ಒಡೆಯರ ತಾಯಿ ಚಾವಡಿಯ ಕಂಬಕ್ಕೆ ಒರಗಿ, ಹೆಬ್ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರಂತೆ.

"ಬಾಗ್ಲ್ ತೆಗೂಕಿಲ್ಲ, ಎದ್ರಂಗೇ ಶನಿ ನಿಂತ್ಕಂಡಿತ್ತ್. ಇಷ್ಟ್ ದೊಡ್ಡ ಊರಂಗೆ ನಿಮ್ಗೆ ನಮ್ ಬಾಗ್ಲೇ ಸಿಕ್ಕಿದ್ದಾ ಮಾಷ್ಟ್ರೇ?"

ಒಡೆಯರು ನಗುತ್ತಲೇ ಹೇಳಿದರಂತೆ: "ನಂಗೆ ಇದ್ರಂಗೆಲ್ಲ ನಂಬ್ಕಿ ಇಲ್ಲ. ಅಮ್ಮ ಕೇಣ್ತಿಲ್ಲ. ಒಂದ್ ಹತ್ ಮಾರ್ ಆಚೆ ಹಾಕಿ."

"ಹತ್ ಮಾರ್ ಅಂದ್ರೆ ಆರ್ ಕೋಟಿ ಮೈಲಿ ಆತ್ತ್, ಒಡೆಯರೇ."

"ಆಯ್ಲಿ. ಅಲ್ಲೆಂತ ನಮ್ ಗದ್ದೆ ಇತ್ತಾ?"

ನಮ್ಮವರು ಮನೆಗೆ ಬಂದು ಮತ್ತೆ ಸ್ಲೇಟು ಹಿಡಿದರು. ಶನಿಯೊಂದನ್ನೇ ಸರಿಸುವ ಹಾಗಿಲ್ಲ, ಆದರೆ ಅಳತೆಯನ್ನೇ ಬದಲಿಸಿದರೆ ಎಲ್ಲವೂ ಒಟ್ಟಿಗೆ ಸರಿಯುತ್ತವಲ್ಲ. ಅಡಿಯ ಬದಲು ಹನ್ನೊಂದು ಅಂಗುಲ ಹಿಡಿದರು. ಶನಿ ಊರಿನ ಬಾವಿಕಟ್ಟೆಗೆ ಬಂತು. ಹತ್ತು ಅಂಗುಲ ಹಿಡಿದರು. ಪುರೋಹಿತರ ಮನೆ. ಹದಿಮೂರು ಹಿಡಿದರೆ ಒಡೆಯರ ತಮ್ಮನ ಮನೆ. ಹದಿನಾಲ್ಕು ಮಾಡಿದರೆ ನೆಪ್ಚೂನ್ ನೀರಿಗೆ ಬಿತ್ತು. ಒಂದೊಂದಕ್ಕೂ ಎದ್ದು ಹೋಗಿ, ಹಗ್ಗ ಹಿಡಿದು ಅಳೆದು, ಎದುರಿನ ಮನೆ ಯಾರದೆಂದು ನೋಡಿ ಬರುತ್ತಿದ್ದರು. ಹಗ್ಗ ಹಿಡಿದು ಬರುವವರನ್ನು ಕಂಡರೆ ಜನ ಅಂಗಳಕ್ಕೆ ಬಂದು ನಿಲ್ಲುವಂತಾಯಿತು. "ಮಾಷ್ಟ್ರೇ, ನಮ್ಮನಿ ಎದ್ರ್ ನಿಲ್ಬೇಡಿ, ಮುಂದೆ ಹೋಯ್ನಿ" ಎಂದು ಪುರೋಹಿತರ ಹೆಂಡತಿ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಮನೆಗಳಿರುವ ದಾರಿಯಲ್ಲಿ ಶನಿ ಎಲ್ಲಿ ನಿಂತರೂ ಅದು ಯಾರದೋ ಬಾಗಿಲು.

ಕೊನೆಗೆ ಒಡೆಯರೇ ದಾರಿ ತೋರಿಸಿದರು. ಗುರು ಎಲ್ಲಿದೆ ಎಂದು ಕೇಳಿದರಂತೆ. ಒಣಮೀನಿನ ಗುಡಿಸಲಿನ ಎದುರು ಎಂದು ಇವರು ಹೇಳಿದರು.

"ಮೀನ್ ಮಾರೂ ಜಾಗ್ದಂಗೆ ಗುರೂನ್ ನಿಲ್ಸಿರ್ಯಾ? ಅದನ್ ಇಲ್ ತನ್ನಿ, ಇದನ್ ಅಲ್ ಹಾಕಿ. ಕಂಬ ಕೀಳುದೂ ಬ್ಯಾಡ. ಹಲಗೆ ಬದ್ಲ್ ಮಾಡ್ರೆ ಸಾಕ್."

"ಮಕ್ಳಿಗೆ ತಪ್ಪ್ ಕಲ್ಸಿದಾಂಗ್ ಆತ್ತ್, ಒಡೆಯರೇ."

"ಶಾಲೆ ಒಳ್ಗೆ ಸರಿ ಕಲ್ಸಿ. ದಾರಿ ನಮ್ದ್." ಆಮೇಲೆ, "ಕಾಯಂ ಕಾಗ್ದಕ್ಕೆ ಹೇಳಿದ್ದೆ" ಎಂದರಂತೆ. ಹೆದರಿಸುವ ದನಿಯಲ್ಲಲ್ಲ, ನೆನಪಾದದ್ದನ್ನು ಹೇಳುವ ಹಾಗೆ.

ನಮ್ಮವರು ಇದನ್ನೆಲ್ಲ ಹೇಳಿ ಮುಗಿಸಿ ನನ್ನ ಮುಖ ನೋಡಿದರು. ನಾನು ಅನ್ನ ಬಗ್ಗಿಸುತ್ತಿದ್ದೆ. ಒಲೆ ಅವರ ಕಣ್ಣೆದುರೇ ಇತ್ತು. ಒಂದು ಮಾತು ಮಾತ್ರ ಅವರು ಒಡೆಯರಿಂದ ತೆಗೆದುಕೊಂಡಿದ್ದರು: ಇನ್ಸ್‌ಪೆಕ್ಟರು ಬರುವ ದಿನ, ಆ ಒಂದು ದಿನದ ಮಟ್ಟಿಗೆ, ಹಲಗೆಗಳನ್ನು ಅದರದರ ಜಾಗಕ್ಕೆ ಕಟ್ಟಬಹುದು.

ಮರುದಿನ ಹಲಗೆಗಳು ಅದಲುಬದಲಾದವು. ಒಣಮೀನಿನ ಹೆಂಗಸಿಗೆ ಹೇಗೆ ಹೇಳುವುದೆಂದು ಇವರು ಬಾಯಿಯಲ್ಲೇ ಮಾತು ಹೊರಳಿಸುತ್ತಿದ್ದಾಗ ಅವಳೇ ಹೇಳಿದಳು. ನಾನು ಸೀಗಡಿ ಕೊಳ್ಳಲು ಹೋಗಿ ಅಲ್ಲೇ ನಿಂತಿದ್ದೆ.

"ನಂಗೆ ಶನಿ ಹೊಸ್ತಾ ಮಾಷ್ಟ್ರೇ? ಗಂಡ ದೋಣಿಯಂಗೆ ಹೋದಾಗಿಂದ ಇಲ್ಲೇ ಕೂಕಂಡಿತ್ತ್. ಈಗ ನೀವ್ ಹಲಗೆ ಹಾಕ್ರಿ, ಅಷ್ಟೇ."

ತರಗತಿಯಲ್ಲಿ ಇವರು ಗುರು ಮೊದಲು, ಶನಿ ಆಮೇಲೆ ಎಂದೇ ಹೇಳಿಕೊಡುತ್ತಿದ್ದರು. "ಒಡೆಯರ್ ಮನಿ ಎದ್ರ್ ಮಾತ್ರ ಬೇರೆಯಾ ಮಾಷ್ಟ್ರೇ?" ಎಂದು ಒಬ್ಬಳು ಹುಡುಗಿ ಕೇಳಿದಾಗ ತರಗತಿಯೆಲ್ಲ ನಕ್ಕಿತಂತೆ. ಇವರೂ ನಕ್ಕರಂತೆ. ಮನೆಯಲ್ಲಿ ಅದನ್ನು ಹೇಳುವಾಗ ನಗಲಿಲ್ಲ.

ಇನ್ಸ್‌ಪೆಕ್ಟರು ಬರುವ ದಿನ ಗೊತ್ತಾಯಿತು. ಅದು ಶನಿವಾರ. ನಮಗದು ಹೊಳೆಯಲೇ ಇಲ್ಲ. ಬೆಳಿಗ್ಗೆ ಇವರು ಬೇಗ ಎದ್ದು ಹಲಗೆ ಬಿಚ್ಚಲು ಹೊರಟು ಅಂಗಳ ದಾಟುವ ಮೊದಲೇ ಒಡೆಯರ ಮನೆಯ ಆಳು ಎದುರು ಬಂದ.

"ಒಡೆಯರ್ ಹೇಳಿರ್. ಇವತ್ತ್ ಶನಿವಾರ. ಬೇರೆ ದಿನ ಆದ್ರೆ ಅಡ್ಡಿಲ್ಲ ಇದ್ದಿತ್. ಇವತ್ತ್ ಶನೀನ್ ಬಾಗ್ಲೆದ್ರ್ ನಿಲ್ಸುದ್ ಬ್ಯಾಡ ಅಂಬ್ರ್ ಒಡೆಯರ ಅಮ್ಮ."

"ಇವತ್ತೇ ಅಲ್ದಾ ಇನ್ಸ್‌ಪೆಕ್ಟರ್ ಬಪ್ಪುದ್?" ಎಂದರು ಇವರು.

"ಅದೆಲ್ಲ ನಂಗೊತ್ತಿಲ್ಲ ಮಾಷ್ಟ್ರೇ. ನಾನ್ ಹೇಳೂಕೆ ಬಂದವ."

ಎರಡು ಹಲಗೆಗಳನ್ನೂ ತೆಗೆದೇ ಬಿಡಿ ಎಂದು ನಾನು ಹೇಳಿದೆ. ಮಂಗಳದಿಂದ ಯುರೇನಸ್ಸಿಗೆ ಬರಿದೇ ಇದ್ದರೆ ಅದಕ್ಕಿಂತ ದೊಡ್ಡ ತಪ್ಪಾಗುತ್ತದೆ, ಹಾಗೆ ಮಾಡಲಾರೆ ಎಂದರು. ಇನ್ಸ್‌ಪೆಕ್ಟರು ಅಷ್ಟು ದೂರ ನಡೆಯಲಿಕ್ಕಿಲ್ಲ, ಭೂಮಿ ನೋಡಿ ತಿರುಗಿಯಾರು ಎಂದೂ ಎಂದರು. ಬಿಸಿಲು ಜೋರಿತ್ತು. ನಾನೂ ಹಾಗೆಯೇ ಆಶಿಸಿದೆ.

ಇನ್ಸ್‌ಪೆಕ್ಟರು ದಾರಿಗೆ ಇಳಿಯುವ ಹೊತ್ತಿಗೆ ನಾನು ಒಣಮೀನಿನ ಗುಡಿಸಲಿನ ಚಪ್ಪರದಡಿ ಇದ್ದೆ. ದಾರಿ ಅಲ್ಲಿಂದ ಶಾಲೆಯವರೆಗೂ ಕಾಣುತ್ತದೆ. ಇನ್ಸ್‌ಪೆಕ್ಟರು ಎತ್ತರದ ವಯಸ್ಸಾದವರು, ಹೊರಜಿಲ್ಲೆಯವರು. ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ಭೂಮಿಯ ಕಂಬದ ಹತ್ತಿರ ಕನ್ನಡಕ ತೆಗೆದು ಬಗ್ಗಿ ಸಾಸಿವೆಯನ್ನು ನೋಡಿದರು. ಮಕ್ಕಳನ್ನು ಏನೋ ಕೇಳಿದರು, ಮಕ್ಕಳು ಹೇಳಿದರು. ಅವರು ತಿರುಗಲಿಲ್ಲ. ಅವರಿಗೆ ಅಷ್ಟು ಹಿಡಿಸಿತ್ತು. ಕೊಡೆ ಬಿಡಿಸಿಕೊಂಡು ಮುಂದೆಯೇ ಬಂದರು. ಪಕ್ಕದಲ್ಲಿ ಒಡೆಯರು, ಹಿಂದೆ ನಮ್ಮವರು, ಅವರ ಹಿಂದೆ ಮಕ್ಕಳು.

ಗುಡಿಸಲಿನ ಮುಂದಿನ ಕಂಬದ ಎದುರು ಇನ್ಸ್‌ಪೆಕ್ಟರು ನಿಂತು ಹಲಗೆ ಓದಿದರು. ಹಿಂದೆ ನೋಡಿದರು, ಮುಂದೆ ನೋಡಿದರು.

"ಮಂಗಳದ ನಂತರ ಶನಿಯೇ?"

ಮಕ್ಕಳು ಮಾಸ್ತರ ಕಡೆ ತಿರುಗಿದರು.

"ಇದರ ಮುಂದಿನದು ಯಾವುದು?"

"ಗುರು ಸಾರ್" ಎಂದರು ನಮ್ಮವರು.

"ಗುರು ಮೊದಲೋ, ಶನಿ ಮೊದಲೋ?"

ಆಗ ನಮ್ಮವರು ಒಡೆಯರ ಮುಖ ನೋಡಿದರು. ಇದನ್ನು ನಾನು ಕಂಡಿದ್ದೇನೆ. ಅವರು ನನ್ನಿಂದ ಐದಾರು ಮಾರು ದೂರವೂ ಇರಲಿಲ್ಲ. ಒಡೆಯರು ಬಗ್ಗಿ ಪಂಚೆಯ ಅಂಚಿಗೆ ಹತ್ತಿದ್ದ ಅಂಟುಪುರಳೆಯನ್ನು ಒಂದೊಂದಾಗಿ ಕೀಳತೊಡಗಿದರು. ತರಗತಿಯಲ್ಲಿ ಪ್ರಶ್ನೆ ಕೇಳಿದ್ದ ಹುಡುಗಿ, "ಗುರು ಮೊದ್ಲ್ ಸಾರ್, ಆದ್ರೆ ಒಡೆಯರ್..." ಎಂದಳು. ನಮ್ಮವರು ಅವಳ ಭುಜದ ಮೇಲೆ ಕೈ ಇಟ್ಟರು.

"ಹಲಗೆ ಕಟ್ಟುವಾಗ ನನ್ನಿಂದ ತಪ್ಪಾಯಿತು ಸಾರ್" ಎಂದರು.

"ಕಟ್ಟಿದ ಮೇಲೆ ಎಷ್ಟು ದಿನವಾಯಿತು?"

ಇವರು ದಿನ ಹೇಳಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದವರು. ಇವತ್ತು ಬೆಳಿಗ್ಗೆ ಎಂದಿದ್ದರೆ ಮುಗಿಯುತ್ತಿತ್ತು.

"ಇಷ್ಟು ದಿನ ಈ ದಾರಿಯಲ್ಲಿ ನಡೆದೂ ನಿಮಗೆ ತಿಳಿಯಲಿಲ್ಲವೆ?" ಎಂದರು ಇನ್ಸ್‌ಪೆಕ್ಟರು. ಗದರಿಸಲಿಲ್ಲ. ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಶಾಲೆಯ ಕಡೆಗೆ ತಿರುಗಿದರು.

"ಸುಳ್ ಎಂತಕ್ಕೆ ಹೇಳ್ತ್ರ್ ಅಮ್ಮ ಮಾಷ್ಟ್ರ್?" ಎಂದು ಒಣಮೀನಿನವಳು ನನ್ನನ್ನು ಮೆಲ್ಲಗೆ ಕೇಳಿದಳು. ನಾನು ಸೀಗಡಿಯ ಪೊಟ್ಟಣ ಹಿಡಿದು ನಿಂತಿದ್ದೆ.

ಒಡೆಯರು ಇದನ್ನು ನೆನಪಿಡುತ್ತಾರೆ ಎಂದು ಇವರು ಆ ರಾತ್ರಿ ಹೇಳಿದರು. ಮನೆಯ ಮರ್ಯಾದೆ ಉಳಿಯಿತು, ಶಾಲೆಯ ಗ್ರಾಂಟಿಗೂ ತೊಂದರೆಯಾಗಲಿಲ್ಲ. ಬೈಗುಳ ತನ್ನೊಬ್ಬನಿಗೆ ಬಂತು, ಅದೇನು ದೊಡ್ಡದಲ್ಲ. ನಾನೂ ಹೌದೆಂದೆ. ಆ ರಾತ್ರಿ ನಾವಿಬ್ಬರೂ ಹೊಟ್ಟೆ ತುಂಬ ಉಂಡೆವು.

ಇನ್ಸ್‌ಪೆಕ್ಟರ ವರದಿ ಬಂದ ಮೇಲೆ ಒಡೆಯರು ಕರೆಸಿದರು. ಮಾತು ನಡೆದದ್ದು ಹೆಬ್ಬಾಗಿಲಿನ ಹೊರಗೆ, ಗುರುವಿನ ಹಲಗೆಯ ಪಕ್ಕದಲ್ಲಿ.

"ನಾನ್ ಎಂತ ಮಾಡುದ್ ಮಾಷ್ಟ್ರೇ? ಅವ್ರ್ ಬರ್ದಿರ್. ಗ್ರಹದ್ ಕ್ರಮ ಗೊತ್ತಿಲ್ದವ್ರನ್ ಕಾಯಂ ಮಾಡ್ರೆ ನಾಳೆ ನನ್ನನ್ ಕೇಣ್ತ್ರ್."

"ಕ್ರಮ ನಂಗೆ ಗೊತ್ತಿತ್ತ್ ಅಂಬುದ್ ನಿಮ್ಗೆ ಗೊತ್ತಿತ್ತಲ್ದಾ, ಒಡೆಯರೇ?"

"ಎಲ್ಲರೆದ್ರ್ ತಪ್ಪಾಯ್ತ್ ಅಂದವ್ರ್ ನೀವೇ ಅಲ್ದಾ?"

ಅದನ್ನು ಹೇಳುವಾಗ ಅವರು ನಗುತ್ತಿದ್ದರೇ ಎಂದು ನಾನು ಕೇಳಿದೆ. ಇಲ್ಲ, ನಿಜವಾದ ಬೇಸರದಿಂದಲೇ ಹೇಳಿದರು ಎಂದರು ನಮ್ಮವರು. ಒಡೆಯರು ಮೋಸ ಮಾಡಿದ್ದರೆ ಇವರು ಸಹಿಸಿಕೊಳ್ಳುತ್ತಿದ್ದರೋ ಏನೋ. ಅವರು ನಂಬಿಬಿಟ್ಟಿದ್ದರು. ತಮ್ಮ ಮಾಸ್ತರಿಗೆ ಗ್ರಹಗಳ ಕ್ರಮ ಗೊತ್ತಿಲ್ಲ ಎಂಬುದನ್ನು, ಹಲಗೆ ಬದಲಿಸಿ ಎಂದವರೇ ನಂಬಿದ್ದರು. ಇದು ಇವರಿಗೆ ಕೊನೆಯವರೆಗೂ ಅರಗಲಿಲ್ಲ.

ನಾವು ಬೀಜಾಡಿಗೆ ಮರಳಿದೆವು. ಬ್ರಹ್ಮಾವರದ ಕಡೆ ಒಂದು ಶಾಲೆ, ಕುಂದಾಪುರದ ಹತ್ತಿರ ಇನ್ನೊಂದು, ಇವರು ಹೋಗಿ ಕೇಳಿದರು. ಹಿಂದಿನ ಶಾಲೆ ಬಿಟ್ಟದ್ದು ಯಾಕೆ ಎಂದು ಎರಡೂ ಕಡೆ ಕೇಳಿದರು. ನಡೆದದ್ದನ್ನು ಹೇಳಿದರೆ ಒಡೆಯರ ಮೇಲೆ ಚಾಡಿ ಹೇಳಿದ ಹಾಗೆ, ಹೇಳದಿದ್ದರೆ ಇನ್ಸ್‌ಪೆಕ್ಟರು ಬರೆದದ್ದೇ ನಿಜ. ಮೂರನೆಯ ಶಾಲೆಗೆ ಹೋಗಲಿಲ್ಲ. ಕುಂದಾಪುರದಲ್ಲಿ ಜಿನಸಿನ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು, ಅಂಗಡಿಯ ಹಿಂದೆ ನಮಗೊಂದು ಕೋಣೆ. ಒಲೆ ಮತ್ತೆ ನನ್ನದಾಯಿತು. ಅದರಿಂದ ನನಗೆ ಸಂತೋಷವಾಯಿತು ಎಂದರೆ ಸುಳ್ಳಾಗುತ್ತದೆ.

ಯುದ್ಧ ಮುಗಿದ ಮೇಲೆ ಒಂದು ದಿನ ಒಡೆಯರು ಆ ಅಂಗಡಿಗೆ ಬಂದರು. ಯಾರೋ ಹೇಳಿ ಬಂದದ್ದಲ್ಲ, ಬೆಲ್ಲ ಬೇಕಿತ್ತು. ಇವರನ್ನು ಕಂಡು ಅವರಿಗೆ ಖುಷಿಯೇ ಆಯಿತು. ನಾನು ಒಳಬಾಗಿಲಲ್ಲಿ ಇದ್ದೆ.

"ಹ್ವಾಯ್ ಮಾಷ್ಟ್ರೇ, ನಿಮ್ ಗುರು ಕಂಬ ಇನ್ನೂ ಇತ್ತ್ ಕಾಣಿ. ಅಮ್ಮ ದಿನಾ ಕುಂಕುಮ ಇಟ್ಟ್, ದೀಪ ಹಚ್ಚಿ, ಕೈ ಮುಗೀತ್ರ್."

ನಮ್ಮವರು ತಕ್ಕಡಿ ಸರಿ ನಿಲ್ಲುವವರೆಗೆ ಕಾದರು. ಬೆಲ್ಲವನ್ನು ಕಟ್ಟಿ ಕೊಟ್ಟರು.

"ಕಂಬ ಸರಿ ಜಾಗ್ದಂಗೇ ಇತ್ತ್, ಒಡೆಯರೇ. ಎಂಟ್ನೂರ ಎಂಬತ್ತಾರ್ ಅಡಿ. ಅಲ್ಲಿಪ್ಪುದ್ ಶನಿ. ಹಲಗೆ ಮಾತ್ರ ನಿಮ್ದ್."

ಒಡೆಯರು ಪೊಟ್ಟಣ ಹಿಡಿದುಕೊಂಡರು. ಚಿಲ್ಲರೆಗೂ ಕಾಯದೆ ಮೆಟ್ಟಿಲಿಳಿದು ಹೋದರು.

ಮುಂದಿನ ಸುದ್ದಿ ತಂದವಳು ಒಣಮೀನಿನ ಹೆಂಗಸು. ಕುಂದಾಪುರದ ಸಂತೆಗೆ ಬಂದವಳು ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿ ಕೂತಳು.

"ಒಡೆಯರ್ ಮನಿ ಎದ್ರಿನ್ ಕಂಬ ಕಿತ್ತ್ ಹಾಕ್ರ್ ಮಾಷ್ಟ್ರೇ. ಒಲೆಗೆ ಹಾಕೂಕೂ ಹೆದ್ರಿ, ಕಡ್ಲಿಗೆ ಬಿಟ್ರ್. ಕಿತ್ತ ಜಾಗ್ದಂಗೆ ತುಳ್ಸಿ ನೆಟ್ಟಿರ್. ಉಳ್ದದ್ದೆಲ್ಲ ಮಳಿಗಾಲಕ್ಕೇ ಹೋಯ್ತ್. ಈಗ ನಂದೊಂದೇ ಇಪ್ಪುದ್. ಬಲೆ ಒಣ್ಸೂಕೆ ಆತ್ತ್ ಅಂತ ಇಟ್ಕಂಡಿದ್ದೆ."

"ಅದ್ ಗುರು, ಅಕ್ಕ" ಎಂದರು ನಮ್ಮವರು.

"ಯಾವ್ದ್?"

"ನಿಮ್ ಎದ್ರಿಂದ್. ಮೊದ್ಲಿಂದ್ಲೂ ಗುರುವೇ."

ಅವಳು ಇವರ ಮುಖ ನೋಡಿದಳು. "ಹಲಗೆ ಬದ್ಲಾದ್ರೆ ಗ್ರಹವೂ ಬದ್ಲಾತ್ತ್ ಅಂದ್ಕಂಡಿದ್ದೆ. ಇಷ್ಟ್ ವರ್ಷ ಹೇಳೂಕಾಗ್ದಾ? ಅಲ್ಲ, ಗುರು ಎದ್ರಿಗಿದ್ದೂ ನಂಗೆಂತ ಆಯ್ತ್ ಹೇಳಿ ಕಾಂಬ." ಆಮೇಲೆ ನಕ್ಕಳು. "ಹೋಯ್ಲಿ. ಒಂದ್ ಹಲಗೆ ಮೇಲೆ ಗುರು ಅಂತ ಬರ್ದ್ ಕೊಡಿ. ನಾನೇ ಕಟ್ಕಂತೆ. ದಾರಿ ಮೇಲೆ ಹೋಪ ಮಕ್ಳಾರೂ ಓದ್ಲಿ."

ಅಂಗಡಿಯಲ್ಲಿ ಹಲಗೆಯ ತುಂಡುಗಳಿಗೆ ಬರವಿರಲಿಲ್ಲ. ಪೆಟ್ಟಿಗೆ ಒಡೆದವು ಮೂಲೆಯಲ್ಲೇ ಬಿದ್ದಿದ್ದವು. ನಾನು ಒಂದನ್ನು ಆರಿಸಿ, ಸೆರಗಿನಿಂದ ಧೂಳು ಒರೆಸಿ, ಒಲೆಯ ಒಂದು ಇದ್ದಿಲ ಚೂರಿನ ಜೊತೆ ತಂದು ಇವರ ಮುಂದೆ ಇಟ್ಟೆ.

ಇವರು ಹಲಗೆಯನ್ನು ನೋಡಿದರು. "ನಾನ್ ಬರ್ದದ್ನ್ ಯಾರ್ ನಂಬ್ತ್ರ್ ಅಕ್ಕ" ಎಂದರು. ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದು ಕಾಲು ಸೇರು ಸಾಸಿವೆ ಕೇಳಿದರು. ಇವರು ಎದ್ದು ಡಬ್ಬಿ ತೆಗೆದು ಅಳೆಯತೊಡಗಿದರು. ಕೆಳಗೆ ಚೆಲ್ಲಿದ ಕಾಳುಗಳನ್ನೂ ಬಿಡದೆ ಹೆಕ್ಕಿ ಪೊಟ್ಟಣಕ್ಕೆ ಹಾಕಿದರು. ಒಣಮೀನಿನವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಬಸ್ಸಿಗೆ ಹೊತ್ತಾಯಿತೆಂದು ಬರಿಯ ಹಲಗೆಯನ್ನೇ ಬುಟ್ಟಿಯೊಳಗೆ ಹಾಕಿಕೊಂಡು ಹೋದಳು.